ಕೋಟೆ ಬೇಡ, ಬೀಚ್ ಒಂದೇ ಸಾಕು
ಕ್ರೂಸ್ ಹಡಗು ಬಂದರಿನಲ್ಲಿ ನಿಲ್ಲುವ ಎಂಟು ಗಂಟೆಯಲ್ಲಿ ಮೂರು ವರ್ಷದ ಮಗಳ ಜೊತೆ ಕೋಟೆ, ಬೀಚ್ ಎರಡೂ ಆಗುತ್ತಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೀಚ್ ಒಂದೇ ಸಾಕು. ಎಂಟು ಗಂಟೆ ಬರೀ ಕಾಗದದ ಮೇಲೆ. ಇಳಿಯೋ ಸಾಲು, ಹೊರಡುವುದಕ್ಕೆ ಅರ್ಧ-ಒಂದು ಗಂಟೆ ಮೊದಲೇ ಹಡಗು ಹತ್ತಬೇಕು ಅನ್ನೋ ನಿಯಮ ಎಲ್ಲ ಕಳೆದರೆ ಕೈಗೆ ಸಿಗೋದು ಆರೇ. ಅದರಲ್ಲಿ ಮಧ್ಯಾಹ್ನದ ನಿದ್ದೆ ಬೇರೆ.

ಹಡಗು ದೂರದಲ್ಲೇ ಲಂಗರು ಹಾಕುತ್ತದಾ ಅಂತ ಮೊದಲೇ ವಿಚಾರಿಸಿ. ಹಾಗಿದ್ದರೆ ಸಣ್ಣ ದೋಣಿಯಲ್ಲಿ ಹೋಗಿಬರಬೇಕು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮಡಚಿದ ಸ್ಟ್ರಾಲರ್, ಆ ಪಾಡು ಯಾರಿಗೂ ಬೇಡ! ಹಗುರದ್ದೇ ಒಯ್ಯಿರಿ.

ವಾಚು ಹಡಗಿನ ಸಮಯಕ್ಕೇ ಇರಲಿ. ಮೊಬೈಲ್ ತಾನಾಗಿ ಆ ಊರಿನ ಸಮಯಕ್ಕೆ ಬದಲಾಗಿಬಿಡಬಹುದು. ಹಡಗಿನವರದೇ ಟೂರ್ ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ಸ್ವಂತವಾಗಿ ಹೋದವರಿಗೆ ಕಾಯಲ್ಲ. ಹಡಗು ತಪ್ಪಿದರೆ ಬೇಕಾಗುತ್ತೆ, ಪೋರ್ಟ್ ಏಜೆಂಟ್ (ಆ ಬಂದರಿನಲ್ಲಿರುವ ಹಡಗಿನವರ ಪ್ರತಿನಿಧಿ) ನಂಬರ್ ಫೋಟೊ ತೆಗೆದಿಟ್ಟುಕೊಳ್ಳಿ.