ಶಿಕ್ಷಕರ ಪಾಠವನ್ನು ವಿಡಿಯೋ ಮಾಡಿ ನೋಡುವುದೇಕೆ? ಯಾರಾದರೂ ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಿದರೆ ಸಾಲದಾ?

ಸಾಲದು. ಪಾಠ ಮಾಡುವಾಗ ನಮ್ಮ ಗಮನವೆಲ್ಲ ಮುಂದೇನು ಹೇಳಬೇಕು ಎಂಬುದರ ಮೇಲಿರುತ್ತದೆ. ಆಗ ನಾವು ನಿಜವಾಗಿ ಏನು ಮಾಡಿದೆವು ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ. ಹಿಂದೆ ಕೂತವರು "ಮಕ್ಕಳಿಗೆ ಯೋಚಿಸೋಕೆ ಸಮಯ ಕೊಡಲಿಲ್ಲ ನೀವು" ಅಂದರೆ, "ಕೊಟ್ಟೆನಲ್ಲ!" ಅನ್ನಿಸುತ್ತದೆ. ವಿಡಿಯೋ ಇದ್ದರೆ ವಾದವೇ ಬೇಡ. ಇಬ್ಬರೂ ಕೂತು ಅದೇ ಕ್ಷಣವನ್ನು ಮತ್ತೆ ನೋಡಬಹುದು.

ಈ ಕಾಯುವ ವಿಷಯವನ್ನೇ ತೆಗೆದುಕೊಳ್ಳಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದುದು ಸರಾಸರಿ 1 ಸೆಕೆಂಡು ಅಷ್ಟೇ. 3 ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡತೊಡಗಿದರು. ಎರಡು ಸೆಕೆಂಡಿನ ಈ ವ್ಯತ್ಯಾಸ ಪಾಠದ ಗಡಿಬಿಡಿಯಲ್ಲಿ ಯಾರಿಗೆ ತಾನೇ ಗೊತ್ತಾಗುತ್ತದೆ?

ವಿಧಾನ ಹೊಸದೇನಲ್ಲ. ನಮ್ಮ ಬಿ.ಎಡ್. ವಿದ್ಯಾರ್ಥಿಗಳು ಮಾಡುವ ಮೈಕ್ರೋ ಟೀಚಿಂಗ್ ಇದೆಯಲ್ಲ, ಅದು 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಪುಟ್ಟ ಪಾಠ ಮಾಡುವುದು, ರೆಕಾರ್ಡಿಂಗ್ ನೋಡಿ ಸಲಹೆ ಪಡೆಯುವುದು, ತಿದ್ದಿಕೊಂಡು ಮತ್ತೆ ಪಾಠ ಮಾಡುವುದು.

ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ವಿಡಿಯೋವನ್ನು ಬಡ್ತಿಗೋ ಶಿಸ್ತುಕ್ರಮಕ್ಕೋ ಬಳಸಿದರೆ ಶಿಕ್ಷಕರು ಕ್ಯಾಮೆರಾಕ್ಕಾಗಿ ನಟಿಸುತ್ತಾರೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಮೊದಲು ಶಿಕ್ಷಕರೇ ಒಬ್ಬರೇ ನೋಡಲಿ. ಯಾವ ತುಣುಕನ್ನು ತೋರಿಸಬೇಕು ಎಂದು ಅವರೇ ಆರಿಸಲಿ. ಮಕ್ಕಳ ಮುಖ ಕಾಣುವುದರಿಂದ ಪೋಷಕರ ಒಪ್ಪಿಗೆ ಪಡೆಯಿರಿ. ಇಡೀ ಪಾಠ ಬೇಡ, ಫೋನಿನಲ್ಲಿ ತೆಗೆದ ಹತ್ತು ನಿಮಿಷ ಸಾಕು. ಒಂದು ಸಲಕ್ಕೆ ಒಂದೇ ಅಂಶ ನೋಡಿ.