ಸಂಜೆಯ ಬೋಂಡಾ ಬಗ್ಗೆ

ಕೆಲಸ ಹೋದ ಮೇಲೆ ಮನೆಯಲ್ಲಿ ರಾಗಿಹಿಟ್ಟು, ಬೇಳೆ ಇದ್ದರೂ ಸಂಜೆ ಬೋಂಡಾ, ಬಿಸ್ಕೆಟ್‌ಗೆ ದುಡ್ಡು ಹಾಕುತ್ತೇನೆ, ನನಗೆ ಬುದ್ಧಿ ಇಲ್ವಾ ಅಂತ ಕೇಳಿದ್ದೀರಿ. ಬುದ್ಧಿ ಇದೆ. ಅದು ಬಾಡಿಗೆ, ಸಾಲದ ಕಂತಿನ ಲೆಕ್ಕದಲ್ಲೇ ಮುಳುಗಿದೆ.

ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮುಂಚೆ ಮತ್ತು ಆಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದೇ ರೈತರು, ಕೈಯಲ್ಲಿ ಕಾಸಿಲ್ಲದಾಗ ಯೋಚನೆಯ ಪರೀಕ್ಷೆಗಳಲ್ಲಿ ಜಾಸ್ತಿ ಎಡವಿದ್ದರು. ಅದು ಊಟದ ಬಗ್ಗೆ ಮಾಡಿದ್ದಲ್ಲ, ಆದರೂ ನಿಮ್ಮ ಸಂಜೆಗೆ ಹೊಂದುತ್ತದೆ ಅನ್ನಿಸುತ್ತದೆ. ದಣಿದ ತಲೆಗೆ ಸಿಹಿ, ಕರಿದದ್ದು ತಕ್ಷಣ ಸಮಾಧಾನ ಕೊಡುತ್ತದೆ. ಮುದ್ದೆ ತೊಳಸಲು ತಾಳ್ಮೆ ಬೇಕು, ಅಲ್ವಾ?

ಹಾಗಾಗಿ ಬೆಳಗ್ಗೆಯೇ ಸಾರು ಮಾಡಿಟ್ಟುಬಿಡಿ. ಹುರಿದ ಕಡಲೆಬೀಜ ಡಬ್ಬದಲ್ಲಿರಲಿ. ವಾರಕ್ಕೊಮ್ಮೆ ಬೋಂಡಾ ತಿನ್ನಿ, ಅದಕ್ಕಾಗಿ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ.