ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಯಾರನ್ನು ಏನು ಕೇಳಬೇಕು

ಡಾರ್ಮ್‌ಸ್ಟಾಟ್‌ನಲ್ಲಿ ಕೆಲಸ ಸಿಕ್ಕಿ ಇನ್ನು ಕೆಲವೇ ವಾರಗಳಲ್ಲಿ ಜರ್ಮನಿಗೆ ಬರಲಿರುವ ನೀವು ನನ್ನನ್ನು ಎರಡು ವಿಷಯ ಕೇಳಿದ್ದೀರಿ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಸಿಬ್ಬಂದಿ ನಮ್ಮವರೊಂದಿಗೆ ಒರಟಾಗಿ ನಡೆದುಕೊಳ್ಳುತ್ತಾರೆಂದು ಬಂದುಹೋದವರು ಹೇಳುವುದು ನಿಜವೇ ಎಂಬುದು ಒಂದು. ಕನ್ನಡ ಬಿಟ್ಟರೆ ಬೇರೆ ಭಾಷೆಯಲ್ಲಿ ಸಲೀಸಾಗಿ ಮಾತನಾಡಲಾರದ ನಿಮ್ಮ ತಂದೆ-ತಾಯಿ ಮುಂದಿನ ಬೇಸಿಗೆಯಲ್ಲಿ ತಾವಿಬ್ಬರೇ ಅಲ್ಲಿ ಬಂದಿಳಿಯಬಹುದೇ ಎಂಬುದು ಇನ್ನೊಂದು. ಇದೇ ಸೀಮೆಯಲ್ಲಿ ಬಹುಕಾಲದಿಂದ ನೆಲೆಸಿ, ಊರಿನಿಂದ ಬರುವ ಹಿರಿಯರನ್ನು ಆ ನಿಲ್ದಾಣದಿಂದ ಕರೆತರುತ್ತ ಬಂದಿರುವ ನಾನು ಕಂಡುಕೊಂಡದ್ದನ್ನು ಬರೆಯುತ್ತೇನೆ.

ನಾವು ‘ಏರ್‌ಪೋರ್ಟಿನವರು’ ಎಂದು ಒಟ್ಟಾಗಿ ಕರೆಯುವ ಜನ ಅಲ್ಲಿ ಬೇರೆ ಬೇರೆ ಸಂಸ್ಥೆಗಳಿಗೆ ಸೇರಿದವರು. ಪಾಸ್‌ಪೋರ್ಟ್ ನೋಡುವವರು ಬುಂಡೆಸ್‌ಪೊಲಿಟ್ಸೈ ಎಂಬ ಕೇಂದ್ರ ಪೊಲೀಸರು. ಹೊರಬಾಗಿಲ ಬಳಿ ಪೆಟ್ಟಿಗೆ ತೆರೆಸುವವರು ಸುಂಕ ಇಲಾಖೆಯವರು. ಕೈಚೀಲವನ್ನು ಯಂತ್ರದೊಳಗೆ ಹಾಕಿಸುವವರು ಖಾಸಗಿ ಭದ್ರತಾ ಕಂಪನಿಗಳ ನೌಕರರು. 2023ರ ಜನವರಿಯಿಂದ ಈ ಭದ್ರತಾ ತಪಾಸಣೆಯನ್ನು ನಡೆಸುವ ಹೊಣೆ ಪೊಲೀಸರಿಂದ, ನಿಲ್ದಾಣವನ್ನು ನಿರ್ವಹಿಸುವ ಫ್ರಾಪೋರ್ಟ್ ಕಂಪನಿಯ ಕೈಗೆ ಬಂದಿದೆ. ಚೆಕ್-ಇನ್ ಕೌಂಟರಿನಲ್ಲಿ ಕುಳಿತವರು ವಿಮಾನ ಕಂಪನಿಯವರಾಗಿರಬಹುದು, ಇಲ್ಲವೇ ಅದು ಗುತ್ತಿಗೆ ಕೊಟ್ಟ ಬೇರೊಂದು ಸಂಸ್ಥೆಯವರಾಗಿರಬಹುದು. ಹೀಗಿರುವಾಗ ಬಾರದ ಸೂಟ್‌ಕೇಸಿನ ಬಗ್ಗೆ ಸುಂಕದವರನ್ನು ವಿಚಾರಿಸಿದರೆ, ‘ಅದು ನಮ್ಮದಲ್ಲ’ ಎಂಬ ಒಂದೇ ಮಾತಿನಲ್ಲಿ ಉತ್ತರ ಮುಗಿಯುತ್ತದೆ. ನಮ್ಮಲ್ಲಾದರೆ ತನ್ನ ಕೆಲಸವಲ್ಲದಿದ್ದರೂ ಯಾರೋ ಒಬ್ಬರು ಎದ್ದು ಬಂದು ದಾರಿ ತೋರಿಸುತ್ತಾರೆ. ಇಲ್ಲಿ ತನ್ನ ಹೊಣೆಯ ಆಚೆಗೆ ಮಾತು ಕೊಡುವುದನ್ನೇ ತಪ್ಪೆಂದು ಭಾವಿಸುತ್ತಾರೆ. ಮನಸ್ಸು ನೋಯಿಸಿಕೊಂಡು ಬಂದವರ ಕಥೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಮಾತಿನ ರೀತಿಯೂ ಬೇರೆ. ಮೊದಲು ‘ಗೂಟನ್ ಟಾಗ್’ ಎಂದು ವಂದಿಸಿ, ವಿಮಾನದ ಸಂಖ್ಯೆ ಹೇಳಿ, ಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಕೇಳಿದರೆ ಸಾಮಾನ್ಯವಾಗಿ ಅಷ್ಟೇ ನೇರವಾದ, ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ಉತ್ತರ ಕೊಡುವಾಗ ನಗುವುದಿಲ್ಲವೆಂಬುದನ್ನು ತಿರಸ್ಕಾರವೆಂದು ತಿಳಿಯಬೇಡಿ. ಆ ಕೆಲಸಗಾರರ ಸ್ಥಿತಿಯನ್ನೂ ನಾವು ನೋಡಬೇಕು: ಕೋವಿಡ್ ಕಾಲದಲ್ಲಿ ನಿಲ್ದಾಣದ ಕೆಲಸಗಳಿಂದ ಹೊರಬಿದ್ದ ಅನೇಕರು ಮರಳಿ ಬರದೆ, 2022ರ ಬೇಸಿಗೆಯಲ್ಲಿ ಯೂರೋಪಿನ ಹಲವು ನಿಲ್ದಾಣಗಳಲ್ಲಿ ಹಾರಾಟಗಳು ರದ್ದಾಗಿ, ಒಡೆಯರಿಲ್ಲದ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಸಂಬಳಕ್ಕಾಗಿ ಮುಷ್ಕರಗಳೂ ನಡೆಯುತ್ತಿರುತ್ತವೆ; 2025ರ ಮಾರ್ಚ್ 10ರಂದು ವೆರ್ಡಿ ಕಾರ್ಮಿಕ ಸಂಘದ ಕರೆಯ ಮೇರೆಗೆ ಫ್ರಾಂಕ್‌ಫರ್ಟ್ ಸೇರಿ ಜರ್ಮನಿಯ 13 ನಿಲ್ದಾಣಗಳಲ್ಲಿ ಕೆಲಸ ನಿಂತಿತ್ತು. ಹಾಗೆಂದು ಬಣ್ಣ ನೋಡಿ ನಡೆಸಿಕೊಳ್ಳುವವರು ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಅಂಥದ್ದು ಎದುರಾದರೆ ಅಲ್ಲಿಯೇ ಜಗಳಕ್ಕೆ ನಿಲ್ಲದೆ, ಸ್ಥಳ, ಸಮಯ ಮತ್ತು ಆ ವ್ಯಕ್ತಿ ಯಾವ ಸಂಸ್ಥೆಯವರೆಂಬುದನ್ನು ಗುರುತು ಹಾಕಿಕೊಂಡು ಆ ಸಂಸ್ಥೆಗೇ ಬರಹದಲ್ಲಿ ದೂರು ಕೊಡಿ. ಈ ದೇಶದಲ್ಲಿ ಬರಹಕ್ಕಿರುವ ಬೆಲೆ ಏರಿದ ದನಿಗಿಲ್ಲ.

ಪಾಸ್‌ಪೋರ್ಟ್ ತಪಾಸಣೆ ನಿಮಗೆ ಕಷ್ಟವಾಗದು; ಉದ್ಯೋಗದ ವೀಸಾ ಮತ್ತು ಕೆಲಸದ ಕರಾರು ಕೈಯಲ್ಲಿದ್ದರೆ ಸಾಕು. ನಿಮ್ಮ ತಂದೆ-ತಾಯಿಯದು ಅಲ್ಪಾವಧಿಯ ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ ಆಗಿರುತ್ತದೆ. 2025ರ ಅಕ್ಟೋಬರ್‌ನಲ್ಲಿ ಆರಂಭವಾದ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆಯಡಿ ಅಂಥವರ ಮುಖದ ಚಿತ್ರವನ್ನು ಗಡಿಯಲ್ಲಿ ದಾಖಲಿಸುತ್ತಾರೆ, ವೀಸಾಕ್ಕಾಗಿ ಮೊದಲೇ ಕೊಟ್ಟ ಬೆರಳಚ್ಚನ್ನು ಹೋಲಿಸಿ ನೋಡಬಹುದು. ಇದು ಹಾಗೆ ಬರುವ ಎಲ್ಲರಿಗೂ ಮಾಡುವ ಕ್ರಮವೆಂದು ಮೊದಲೇ ಹೇಳಿಡಿ, ಇಲ್ಲದಿದ್ದರೆ ತಮ್ಮ ಮೇಲೇಕೆ ಅನುಮಾನ ಎಂದು ಹಿರಿಯರು ಗಾಬರಿಯಾಗುತ್ತಾರೆ. ಆಮಂತ್ರಣ ಪತ್ರ, ಪ್ರಯಾಣ ವಿಮೆ, ಹಿಂದಿರುಗುವ ಟಿಕೆಟ್ ಮತ್ತು ನಿಮ್ಮ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಪೆಟ್ಟಿಗೆಯಲ್ಲಿ ಇಡಿಸದೆ, ಅವರ ಕೈಯಲ್ಲೇ ಇರುವ ಒಂದು ಫೈಲಿನಲ್ಲಿ ಹಾಕಿಕೊಡಿ.

ನಾನು ಹೆಚ್ಚು ಹೇಳಬೇಕೆಂದಿರುವುದು ಗಾಲಿಕುರ್ಚಿಯ ವಿಷಯ. ಯೂರೋಪಿನಲ್ಲಿ 2006ರ 1107ನೇ ನಿಯಮದಂತೆ, ಅಂಗವೈಕಲ್ಯದಿಂದಲೋ ವಯಸ್ಸಿನಿಂದಲೋ ನಡೆದಾಡಲು ಕಷ್ಟಪಡುವವರಿಗೆ ನೆರವು ಕೊಡಬೇಕಾದ ಹೊಣೆ ನಿಲ್ದಾಣದ ಆಡಳಿತದ್ದು. ಅದಕ್ಕೆ ಪ್ರಯಾಣಿಕರು ಹಣ ಕೊಡಬೇಕಾಗಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಈ ಕೆಲಸವನ್ನು ಫ್ರಾಕೇರ್‌ಸರ್ವಿಸಸ್ ಎಂಬ ಸಂಸ್ಥೆ ಮಾಡುತ್ತದೆ. ಆದರೆ ಕೋರಿಕೆಯನ್ನು ವಿಮಾನ ಕಂಪನಿಯ ಮೂಲಕ, ಹೊರಡುವುದಕ್ಕೆ ಕಡೇಪಕ್ಷ 48 ಗಂಟೆ ಮುಂಚೆ ಸಲ್ಲಿಸಬೇಕು. ಆಗ ಬಳಸುವ ಸಂಕೇತಗಳು ನಿಮಗೆ ಗೊತ್ತಿರಲಿ: ಡಬ್ಲ್ಯುಸಿಎಚ್‌ಆರ್ ಎಂದರೆ ದೂರ ನಡೆಯಲಾರರು, ಆದರೆ ಮೆಟ್ಟಿಲು ಹತ್ತಿಳಿಯಬಲ್ಲರು, ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲನ್ನೂ ಏರಲಾರರು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನವು ಕಟ್ಟಡಕ್ಕೆ ತಾಗದೆ ದೂರದಲ್ಲಿ ನಿಂತು, ಪ್ರಯಾಣಿಕರು ಏಣಿಯಿಳಿದು ಬಸ್ ಹತ್ತಬೇಕಾಗುವುದು ಅಪರೂಪವಲ್ಲ. ಮಂಡಿನೋವಿರುವ ತಾಯಿಗೆ ಮೊದಲನೆಯ ಸಂಕೇತ ಹಾಕಿಸಿದರೆ ಆ ಮೆಟ್ಟಿಲುಗಳನ್ನು ಆಕೆಯೇ ಇಳಿಯಬೇಕಾಗುತ್ತದೆ, ಎರಡನೆಯದನ್ನು ಹಾಕಿಸಿದ್ದರೆ ಎತ್ತುವ ವಾಹನ ಬರುತ್ತದೆ. ಟಿಕೆಟ್ ಮಾಡಿಕೊಡುವವರು ಈ ವ್ಯತ್ಯಾಸವನ್ನು ಸಾಮಾನ್ಯವಾಗಿ ಕೇಳುವುದೇ ಇಲ್ಲ.

ನೆರವು ಪಡೆದವರನ್ನು ಹಲವೊಮ್ಮೆ ಒಂದು ಕಡೆ ಕೂರಿಸಿ, ಮುಂದಿನ ಹಂತಕ್ಕೆ ಇನ್ನೊಬ್ಬರು ಬಂದು ಕರೆದೊಯ್ಯುತ್ತಾರೆ. ನಡುವಿನ ಆ ಕಾಯುವಿಕೆಯಲ್ಲಿ ನಮ್ಮ ಹಿರಿಯರು ‘ನಮ್ಮನ್ನು ಮರೆತುಬಿಟ್ಟರು’ ಎಂದು ಎದ್ದು ಹೊರಟುಬಿಡುತ್ತಾರೆ; ಅವರನ್ನು ಹುಡುಕುತ್ತ ಬಂದವರಿಗೆ ಖಾಲಿ ಕುರ್ಚಿ ಸಿಗುತ್ತದೆ. ಆದ್ದರಿಂದ ಹೆಸರು, ವಿಮಾನದ ಸಂಖ್ಯೆ, ಎಲ್ಲಿಗೆ ಹೋಗಬೇಕು ಮತ್ತು ಹೊರಗೆ ಯಾರು ಕಾಯುತ್ತಿದ್ದಾರೆ ಎಂಬುದನ್ನು ಜರ್ಮನ್ ಮತ್ತು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದ ಚೀಟಿಯನ್ನು ಅವರ ಕೈಗೆ ಕೊಡಿ, ಅದೇ ಚೀಟಿಯ ಹಿಂದೆ ಕನ್ನಡದಲ್ಲಿ ‘ಕುಳಿತಲ್ಲಿಂದ ಏಳಬೇಡಿ, ಬೇರೆಯವರು ಬರುತ್ತಾರೆ’ ಎಂದು ಬರೆದುಕೊಡಿ. ನನ್ನ ತಾಯಿ ಬಂದಾಗ ಆ ಚೀಟಿಯನ್ನು ಓದಿದ ಯುವಕನೊಬ್ಬ ಪಾಸ್‌ಪೋರ್ಟ್ ತಪಾಸಣೆಯಿಂದ ಹೊರಬಾಗಿಲಿನವರೆಗೆ ಜೊತೆಗಿದ್ದು, ನನ್ನನ್ನು ಗುರುತಿಸಿದ ಮೇಲೆಯೇ ಕುರ್ಚಿಯ ಹಿಡಿ ಬಿಟ್ಟ. ಒಂದು ಮಾತನ್ನು ಮಾತ್ರ ಕಟುವಾಗಿ ಹೇಳಬೇಕಾಗಿದೆ. ಚೆನ್ನಾಗಿ ನಡೆಯಬಲ್ಲವರಿಗೆ, ಭಾಷೆ ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಗಾಲಿಕುರ್ಚಿ ಕೇಳುವ ರೂಢಿ ನಮ್ಮವರಲ್ಲಿ ಬೆಳೆದಿದೆ. ನಿಜವಾಗಿ ನಡೆಯಲಾಗದವರು ಅದರಿಂದ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ನಿಮ್ಮ ತಂದೆಗೆ ಕಾಲು ಗಟ್ಟಿಯಾಗಿದ್ದರೆ ಅವರ ಹೆಸರಿನಲ್ಲಿ ಕೇಳಬೇಡಿ. ತಾಯಿಯ ಜೊತೆಗೆ ಅವರು ನಡೆದು ಬರಬಹುದು.

ಪೆಟ್ಟಿಗೆಯ ಬಗ್ಗೆ ಹೇಳುವುದಾದರೆ, ಅದು ಬಾರದಿದ್ದರೂ ಮುರಿದಿದ್ದರೂ ಹೊರಬಾಗಿಲು ದಾಟುವ ಮೊದಲೇ, ಪೆಟ್ಟಿಗೆ ಬರುವ ಸಭಾಂಗಣದೊಳಗಿನ ಕೌಂಟರಿನಲ್ಲಿ ದಾಖಲಿಸಿ ವರದಿಯ ಸಂಖ್ಯೆ ಪಡೆಯಬೇಕು. ಮುರಿದದ್ದಕ್ಕೆ ಕೈಗೆ ಬಂದ ದಿನದಿಂದ 7 ದಿನ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ವಿಮಾನ ಕಂಪನಿಗೆ ಬರಹದಲ್ಲಿ ತಿಳಿಸಬೇಕೆಂದು ಮಾಂಟ್ರಿಯಲ್ ಒಪ್ಪಂದವೆಂಬ ಅಂತರರಾಷ್ಟ್ರೀಯ ವಿಮಾನಯಾನ ಒಪ್ಪಂದ ಹೇಳುತ್ತದೆ. ಸುಂಕದವರ ಮುಂದೆ ನಮ್ಮ ಹಿರಿಯರು ಸಿಕ್ಕಿಹಾಕಿಕೊಳ್ಳುವುದು ತಿಂಡಿ-ತಿನಿಸಿನಿಂದ. ತುಪ್ಪ, ಪನೀರ್ ಮುಂತಾದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಭಾರತದಿಂದ ತರುವಂತಿಲ್ಲ. ಹಸಿ ಕರಿಬೇವು, ಮಾವಿನಹಣ್ಣುಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು; ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್‌ಗಳಿಗೆ ಬೇಡ. ಚಟ್ನಿಪುಡಿ, ಸಾರಿನ ಪುಡಿಗಳಿಗೆ ತೊಂದರೆಯಿಲ್ಲ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡದೆ ಪೆಟ್ಟಿಗೆಯಲ್ಲೇ ಇಡಿ.

ವಿಮಾನ ತಡವಾದರೆ ಅಥವಾ ರದ್ದಾದರೆ ನಿಮ್ಮ ಹಕ್ಕುಗಳನ್ನು ಬಿಟ್ಟುಕೊಡಬೇಡಿ. 2011ರಿಂದ ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಹಾರಾಟಕ್ಕೆ ನಿಷೇಧವಿದೆ. ಸುತ್ತಲಿನ ಊರುಗಳ ಜನರ ನಿದ್ರೆಗಾಗಿ ಬಂದ ಈ ನಿಯಮ ನ್ಯಾಯವಾದದ್ದೇ, ಆದರೆ ರಾತ್ರಿ ಹತ್ತಕ್ಕೆ ಹೊರಡಬೇಕಾದ ವಿಮಾನ ಸ್ವಲ್ಪ ತಡವಾದರೂ ರಾತ್ರಿಯೆಲ್ಲ ಉಳಿಯಬೇಕಾದೀತು. ಅಂಥ ಹೊತ್ತಿನಲ್ಲಿ ಊಟ, ಹೋಟೆಲು ಮತ್ತು ಅಲ್ಲಿಗೆ ಹೋಗಿಬರುವ ವಾಹನವನ್ನು ವಿಮಾನ ಕಂಪನಿಯೇ ಒದಗಿಸಬೇಕೆಂದು ಯೂರೋಪಿನ 2004ರ 261ನೇ ನಿಯಮ ಹೇಳುತ್ತದೆ. ಬೆಂಗಳೂರು-ಫ್ರಾಂಕ್‌ಫರ್ಟ್ ನಡುವಿನಂಥ, 3,500 ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣದಲ್ಲಿ ತಲುಪುವುದು 4 ಗಂಟೆಗಿಂತ ಹೆಚ್ಚು ತಡವಾದರೆ ಒಬ್ಬರಿಗೆ 600 ಯೂರೋ ಪರಿಹಾರ. 3ರಿಂದ 4 ಗಂಟೆಯಾದರೆ ಅದನ್ನು ಅರ್ಧಕ್ಕೆ ಇಳಿಸಬಹುದು. ಕೆಟ್ಟ ಹವಾಮಾನದಂಥ, ಕಂಪನಿಯ ಕೈಮೀರಿದ ಕಾರಣವಿದ್ದರೆ ಪರಿಹಾರವಿಲ್ಲ, ಆದರೆ ಊಟ-ಹೋಟೆಲಿನ ಹೊಣೆ ಆಗಲೂ ತಪ್ಪುವುದಿಲ್ಲ. ಯೂರೋಪಿನಿಂದ ಹೊರಡುವಾಗ ಯಾವ ಕಂಪನಿಯ ವಿಮಾನಕ್ಕಾದರೂ ಈ ನಿಯಮ ಸಲ್ಲುತ್ತದೆ. ಭಾರತದಿಂದ ಬರುವಾಗ ಯೂರೋಪಿನ ಕಂಪನಿಯ ವಿಮಾನಕ್ಕೆ ಮಾತ್ರ. ನನಗೊಮ್ಮೆ ಒಂದು ಕಂಪನಿ ಕಾರಣವನ್ನೇ ಹೇಳದೆ ಕೊಡುವುದಿಲ್ಲವೆಂದಿತು. ಪ್ರಯಾಣಿಕರ ದೂರುಗಳಿಗಾಗಿಯೇ ಬರ್ಲಿನ್‌ನಲ್ಲಿರುವ ಸಂಧಾನ ಸಂಸ್ಥೆಗೆ ಬೋರ್ಡಿಂಗ್ ಪಾಸ್ ಮತ್ತು ಪತ್ರಗಳ ಪ್ರತಿ ಕಳುಹಿಸಿದ ಮೇಲೆ ಹಣ ಬಂತು. ಪ್ರಯಾಣಿಕರಿಗೆ ಅದರ ಸೇವೆ ಉಚಿತ.

ಹೊರಬಂದ ಮೇಲೆ ಡಾರ್ಮ್‌ಸ್ಟಾಟ್‌ಗೆ ಏರ್‌ಲೈನರ್ ಎಂಬ ನೇರ ಬಸ್ಸಿದೆ, ಫ್ರಾಂಕ್‌ಫರ್ಟ್ ನಗರಕ್ಕೆ ಒಂದನೇ ಟರ್ಮಿನಲ್‌ನ ಕೆಳಗಿನಿಂದಲೇ ಎಸ್8, ಎಸ್9 ರೈಲುಗಳಿವೆ. ರೈಲಿನ ಟಿಕೆಟನ್ನು ಹತ್ತುವ ಮೊದಲೇ ಕೊಳ್ಳಬೇಕು. ತಂದೆ-ತಾಯಿಗೆ ಟಿಕೆಟ್ ಮಾಡಿಸುವಾಗ ನಡುವೆ ಇಳಿದು ಹತ್ತುವ ಅಗ್ಗದ ದಾರಿಗಿಂತ ಬೆಂಗಳೂರಿನಿಂದ ನೇರವಾಗಿ ಬರುವ ವಿಮಾನವನ್ನೇ ಆರಿಸಿ; ಹಣ ತುಸು ಹೆಚ್ಚಾದರೂ ಭದ್ರತಾ ತಪಾಸಣೆಯ ಇನ್ನೊಂದು ಸಾಲು, ಇನ್ನೊಂದು ಗೇಟಿನ ಹುಡುಕಾಟ ತಪ್ಪುತ್ತದೆ. ಜರ್ಮನ್ ಚೀಟಿಯನ್ನು ನಾನು ಬರೆದುಕೊಡುತ್ತೇನೆ. ವಿಮಾನದ ಸಂಖ್ಯೆ, ಬರುವ ದಿನ ಮತ್ತು ತಾಯಿಯವರು ಎಷ್ಟು ಮೆಟ್ಟಿಲು ಇಳಿಯಬಲ್ಲರು ಎಂಬುದನ್ನು ನನಗೆ ತಿಳಿಸಿ.